ಹಪ್ಪಳವಾದ ಪಲ್ಪ್: 1928ರ 'ಅಮೇಜಿಂಗ್ ಸ್ಟೋರೀಸ್' ಸಂಚಿಕೆಯೊಂದರ ರಿಪೇರಿ ದಾಖಲೆ

ಕೆಲಸಕ್ಕೆ ಬಂದ ಪ್ರತಿ: ವೈಜ್ಞಾನಿಕ ಕಥೆಗಳ ಅಮೆರಿಕನ್ ಪಲ್ಪ್ (ಅಗ್ಗದ ಕಾಗದದ) ಮಾಸಪತ್ರಿಕೆ 'ಅಮೇಜಿಂಗ್ ಸ್ಟೋರೀಸ್', ಆಗಸ್ಟ್ 1928, ಸಂಪುಟ 3, ಸಂಚಿಕೆ 5. ಪ್ರಕಾಶಕರು ನ್ಯೂಯಾರ್ಕಿನ ಎಕ್ಸ್‌ಪೆರಿಮೆಂಟರ್ ಪಬ್ಲಿಷಿಂಗ್ ಕಂಪನಿ, ಸಂಪಾದಕ ಹ್ಯೂಗೊ ಗರ್ನ್ಸ್‌ಬ್ಯಾಕ್, ಮುಖಬೆಲೆ 25 ಸೆಂಟ್. ಅಳತೆ ಸುಮಾರು 21.5 × 29.5 ಸೆಂ.ಮೀ.; ಸಂಗ್ರಾಹಕರ ಮಾತಿನಲ್ಲಿ 'ಬೆಡ್‌ಶೀಟ್' ಗಾತ್ರ. 48 ಹಾಳೆ, 96 ಪುಟ, ಬೆನ್ನಿನ ದಪ್ಪ 9 ಮಿ.ಮೀ.

ಪುಟಸಂಖ್ಯೆ 385ರಿಂದ ಶುರುವಾಗುತ್ತದೆ. ಅದನ್ನು ನೋಡಿ ಮೊದಲಿನ ಪುಟಗಳು ಕಳೆದುಹೋಗಿವೆ ಎಂದು ಗಾಬರಿಯಾಗಬೇಡಿ. ಸಂಪುಟದ ಉದ್ದಕ್ಕೂ ಒಂದೇ ಓಟದ ಪುಟಸಂಖ್ಯೆ. ಮೊದಲ ನಾಲ್ಕು ಸಂಚಿಕೆಗಳಿಗೆ 384 ಪುಟ ಆಗಿಹೋಗಿದೆ.

ಈ ಸಂಚಿಕೆಯನ್ನೇ ಎತ್ತಿಕೊಂಡಿದ್ದಕ್ಕೆ ಕಾರಣ ಮುಖಪುಟ ಮತ್ತು ಪುಟ 422. ಮುಖಪುಟದಲ್ಲಿ ಫ್ರಾಂಕ್ ಆರ್. ಪಾಲ್ ಬರೆದ ಚಿತ್ರ: ಕೆಂಪು ಉಡುಪಿನ ಒಬ್ಬ ಮನುಷ್ಯ ಗಾಳಿಯಲ್ಲಿ ತೇಲುತ್ತ ಕೆಳಗಿರುವವರ ಕಡೆ ಕೈಬೀಸುತ್ತಿದ್ದಾನೆ. ಮಾರಾಟದ ಪಟ್ಟಿಗಳಲ್ಲಿ ಇದನ್ನು 'ಬಕ್ ರೋಜರ್ಸ್ ಮುಖಪುಟ' ಎಂದು, ಆ ಹೆಸರಿನ ಕಾಮಿಕ್ ನಾಯಕನ ಮೇಲೆ, ಬರೆಯುವುದುಂಟು. ಅದು ತಪ್ಪು. ಚಿತ್ರ ಇ. ಇ. ಸ್ಮಿತ್ ಮತ್ತು ಲೀ ಹಾಕಿನ್ಸ್ ಗಾರ್ಬಿ ಅವರ 'ದಿ ಸ್ಕೈಲಾರ್ಕ್ ಆಫ್ ಸ್ಪೇಸ್' ಧಾರಾವಾಹಿಯದು. ರೋಜರ್ಸ್ ಒಳಗಡೆ, ಪುಟ 422ರಲ್ಲಿ ಶುರುವಾಗುವ ಫಿಲಿಪ್ ಫ್ರಾನ್ಸಿಸ್ ನೌಲನ್ ಕಥೆಯಲ್ಲಿ ಮೊದಲ ಸಲ ಬರುತ್ತಾನೆ, ಅದೂ ಆಂಥನಿ ರೋಜರ್ಸ್ ಎಂಬ ಹೆಸರಿನಲ್ಲಿ. 'ಬಕ್' ಎಂಬುದು ಅಂಟಿಕೊಂಡಿದ್ದು 1929ರ ಜನವರಿ 7ರಂದು ದಿನಪತ್ರಿಕೆಗಳ ಕಾಮಿಕ್ ಸ್ಟ್ರಿಪ್ ಶುರುವಾದಾಗ.

ಮೊದಲ ತಪಾಸಣೆ

ಹಾನಿಯ ಪಟ್ಟಿ, ಪೆನ್ಸಿಲ್‌ನಲ್ಲಿ ಬರೆದಿಟ್ಟದ್ದು (ಕೆಲಸದ ಮೇಜಿನ ಮೇಲೆ ಪೆನ್ ಇಡಲೇಬಾರದು):

ಮುಂದಿನ ರಕ್ಷಾಪುಟ ಬೆನ್ನಿನ ಮೇಲ್ಭಾಗದ 4 ಸೆಂ.ಮೀ.ನಲ್ಲಿ ಮಾತ್ರ ಹಿಡಿದುಕೊಂಡಿದೆ. ಕೆಳಗಿನ ಎಡಮೂಲೆಯ 3 × 5 ಸೆಂ.ಮೀ. ಚೂರು ಇಲ್ಲ. ಬೆನ್ನಿನ ಕೆಳಗಿನ 6 ಸೆಂ.ಮೀ. ಇಲ್ಲ. ಮುಂದಿನ ರಕ್ಷಾಪುಟದ ಮೇಲಂಚಿಗೆ 11 ಸೆಂ.ಮೀ. ಉದ್ದದ ಪಾರದರ್ಶಕ ಟೇಪ್, ಜೇನಿನ ಬಣ್ಣಕ್ಕೆ ತಿರುಗಿದೆ. ಪಕ್ಕದಿಂದ ಹೊಡೆದ ಎರಡು ಸ್ಟೇಪಲ್ ಪಿನ್, ಎರಡೂ ತುಕ್ಕು. ಮೊದಲ 2, ಕೊನೆಯ 3 ಹಾಳೆ ಬಿಡಿ. 17 ಹಾಳೆಗಳ ಅಂಚು ಹರಿದಿದೆ. ಪುಟ 421–422ರ ಹಾಳೆಯಲ್ಲಿ ಹೊರಅಂಚಿನಿಂದ ಅಕ್ಷರಗಳೊಳಗೆ ನುಗ್ಗಿದ 7 ಸೆಂ.ಮೀ. ಸೀಳು.

ಉದುರಿದ ಒಂದು ಚೂರಿನ ಮೇಲೆ ಪಿಎಚ್ ಪೆನ್ನಿನ ಗೀಟು ಎಳೆದಾಗ ಹಳದಿಯಾಯಿತು. ಅಂದರೆ 6ಕ್ಕಿಂತ ಕೆಳಗೆ, ಆಮ್ಲೀಯ. ಈ ಪರೀಕ್ಷೆ ಉದುರಿದ ಚೂರಿನ ಮೇಲೆ ಮಾತ್ರ. ಹಾಳೆಯ ಮೇಲೆ ಎಳೆದ ಗೀಟು ಹೋಗುವುದಿಲ್ಲ. ಮರವನ್ನು ಅರೆದು, ಲಿಗ್ನಿನ್ (ಮರದ ನಾರುಗಳನ್ನು ಹಿಡಿದಿಡುವ ಪದಾರ್ಥ) ತೆಗೆಯದೆ ಮಾಡಿದ ಅಗ್ಗದ ಕಾಗದ ಇದು. ಪಲ್ಪ್ ಎಂಬ ಹೆಸರು ಬಂದದ್ದೇ ಅಲ್ಲಿಂದ. ಗರ್ನ್ಸ್‌ಬ್ಯಾಕ್ 25 ಸೆಂಟಿಗೆ ತಕ್ಕ ತೂಕ ಕಾಣಲಿ ಎಂದು ದಪ್ಪ ಕಾಗದ ಹಾಕಿಸುತ್ತಿದ್ದ. ದಪ್ಪ ಇದೆ, ಗಟ್ಟಿತನ ಇಲ್ಲ.

ತಪ್ಪು 1: ಒಣ ಕೋಣೆಯಲ್ಲಿ ತೆರೆದದ್ದು

ಒಹಾಯೊ ಚಳಿಗಾಲ, ಹೀಟರ್ ಓಡುತ್ತಿದ್ದ ಕೋಣೆ, ತೇವಾಂಶ ಶೇ. 21. ಎಣಿಸಲು ಹಾಳೆ ತಿರುವಿದಾಗ ಮೂರು ಮೂಲೆಗಳು ಹಪ್ಪಳದ ಹಾಗೆ ಚಟಕ್ಕನೆ ಮುರಿದವು. ಕೆಲಸ ನಿಲ್ಲಿಸಿ, ಹ್ಯೂಮಿಡಿಫೈಯರ್ ಇಟ್ಟು ಕೋಣೆಯನ್ನು ಶೇ. 50ಕ್ಕೆ ತಂದು, ಪತ್ರಿಕೆಯನ್ನು ಎರಡು ದಿನ ಹಾಗೇ ಬಿಟ್ಟದ್ದಾಯಿತು. ಆಮೇಲೆ ಅದೇ ಹಾಳೆಗಳು ಮುರಿಯದೆ ತಿರುಗಿದವು. 20 ಡಾಲರಿನ ತೇವಾಂಶ ಮಾಪಕ ಮೊದಲೇ ನೋಡಿದ್ದರೆ ಮೂರು ಮೂಲೆ ಉಳಿಯುತ್ತಿದ್ದವು. ಮಾಪಕ ಕೋಣೆಯಲ್ಲೇ ಇತ್ತು.

ಮುರಿದ ಮೂಲೆಗಳನ್ನು ಪುಟಸಂಖ್ಯೆ ಬರೆದ ಪುಟ್ಟ ಲಕೋಟೆಗಳಲ್ಲಿ ಹಾಕಿಡಿ. ಒಂದೇ ಡಬ್ಬಿಗೆ ಹಾಕಿದರೆ ಆಮೇಲೆ ಯಾವುದು ಎಲ್ಲಿಯದು ಗೊತ್ತಾಗುವುದಿಲ್ಲ. ಕಂದು ಬಣ್ಣದ ಚೂರುಗಳೆಲ್ಲ ಒಂದೇ ಥರ.

ದಿನ 3: ಧೂಳು ತೆಗೆಯುವುದು

ಅಗಲವಾದ ಮೃದು ಬ್ರಷ್‌ನಿಂದ ಬೆನ್ನಿನ ಕಡೆಯಿಂದ ಹೊರಗೆ ಗುಡಿಸಿ, ನಂತರ ಒಣ ರಬ್ಬರ್ ಸ್ಪಂಜು (ಹೊಗೆಮಸಿ ಒರೆಸಲು ಬಳಸುವಂಥದ್ದು). ಸ್ಪಂಜನ್ನು ಉಜ್ಜಬಾರದು, ಒತ್ತಿ ಎತ್ತಬೇಕು. ಅಂಚಿನ 2 ಸೆಂ.ಮೀ. ಬಿಟ್ಟು ಒಳಗಿನ ಭಾಗಕ್ಕೆ ಮಾತ್ರ. ರಕ್ಷಾಪುಟಕ್ಕೆ ರಬ್ಬರ್ ಪುಡಿ ಹಾಕಿ ಉಜ್ಜುವ ಸಲಹೆ ಹಲವು ಕಡೆ ಸಿಗುತ್ತದೆ. ಹಿಂದಿನ ರಕ್ಷಾಪುಟದ ಮೂಲೆಯಲ್ಲಿ ಮಾಡಿ ನೋಡಿದ್ದಕ್ಕೆ ಶಾಯಿಯ ಹೊಳಪು ಹೋಗಿ ಮಂಕು ಮಚ್ಚೆ ಬಿತ್ತು. ಅಲ್ಲಿಗೇ ಬಿಟ್ಟದ್ದು. ಮುಂಭಾಗಕ್ಕೆ ಬ್ರಷ್ ಮಾತ್ರ.

ದಿನ 4: ಪಿನ್ ತೆಗೆಯುವುದು

ಪಿನ್‌ಗಳನ್ನು ಎಳೆಯಬಾರದು. ತುಕ್ಕು ಕಾಗದದ ಜೊತೆ ಬೆಸೆದುಕೊಂಡಿರುತ್ತದೆ. ಎಳೆದರೆ ಸುತ್ತಲಿನ ಕಾಗದವೂ ಬಿಲ್ಲೆಯಂತೆ ಕಿತ್ತು ಬರುತ್ತದೆ. ಮೊದಲು ರಕ್ಷಾಪುಟ ಬಿಡಿಸಿಕೊಂಡು, ಪಿನ್ನಿನ ಕಾಲುಗಳ ಕೆಳಗೆ ತೆಳು ಮೈಲಾರ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಚೂರು ಸರಿಸಿ, ಸಣ್ಣ ಸ್ಪ್ಯಾಚುಲಾದಿಂದ ಕಾಲುಗಳನ್ನು ಎಬ್ಬಿಸಬೇಕು. ಮೇಲಿನ ಪಿನ್ ಹೀಗೆ ಬಂತು. ಕೆಳಗಿನದರ ಕಾಲು ಎಬ್ಬಿಸುವಾಗಲೇ ಮುರಿಯಿತು, ಒಂದರ್ಥದಲ್ಲಿ ಒಳ್ಳೆಯದೇ ಆಯಿತು: ಉಳಿದ ಕಾಲನ್ನೂ ಕಟರಿನಲ್ಲಿ ಕತ್ತರಿಸಿ ಮುಂದಿನಿಂದ ನೇರ ಎತ್ತಿದೆ. ತೂತಿನ ಸುತ್ತಲಿನ ಸಡಿಲ ತುಕ್ಕನ್ನು ಸ್ಕಾಲ್ಪೆಲ್ ತುದಿಯಿಂದ ಕೆರೆದು ತೆಗೆದದ್ದು, ಕಲೆ ಹಾಗೇ ಇದೆ. ತುಕ್ಕು ತೆಗೆಯುವ ಯಾವ ದ್ರಾವಣವನ್ನೂ ಈ ಕಾಗದಕ್ಕೆ ಮುಟ್ಟಿಸಬೇಡಿ. ಹಳೆಯ ಪಿನ್‌ಗಳೆರಡೂ ಲಕೋಟೆಯಲ್ಲಿವೆ. ಮುಂದೆ ಯಾರ ಕೈಗೆ ಹೋದರೂ ಪತ್ರಿಕೆಯ ಜೊತೆ ಹೋಗಬೇಕು.

ದಿನ 5–6: ಬೆನ್ನಿನ ಹಳೆಯ ಗೋಂದು

ಪ್ರಾಣಿಜನ್ಯ ಗೋಂದು, ಗಾಜಿನಂತೆ ಒಡೆಯುತ್ತದೆ. ಶೇ. 4ರ ಮೀಥೈಲ್ ಸೆಲ್ಯುಲೋಸ್ ಲೇಪ: 4 ಗ್ರಾಂ ಪುಡಿಯನ್ನು 35 ಮಿ.ಲೀ. ಬಿಸಿನೀರಿಗೆ ಉದುರಿಸಿ ಕಲಸಿ, 65 ಮಿ.ಲೀ. ತಣ್ಣೀರು ಸೇರಿಸಿ, ರಾತ್ರಿಯಿಡೀ ಬಿಟ್ಟರೆ ಲೋಳೆಸರದ ಹದ ಬರುತ್ತದೆ. ಕಂತೆಯನ್ನು ಎರಡು ಹಲಗೆಗಳ ನಡುವೆ ಬಿಗಿಯಾಗಿ ಹಿಡಿದು, ಬೆನ್ನಿಗೆ 3 ಮಿ.ಮೀ. ದಪ್ಪ ಬಳಿದು, 12 ನಿಮಿಷ ಬಿಟ್ಟು, ಸ್ಪ್ಯಾಚುಲಾದಿಂದ ಕೆರೆದರೆ ಗೋಂದು ಮೆತ್ತಗಾಗಿ ಬರುತ್ತದೆ. ಎರಡು ಸುತ್ತು ಬೇಕಾಯಿತು. 20 ನಿಮಿಷ ಬಿಟ್ಟರೆ ತೇವ ಹಾಳೆಗಳ ಒಳಗೆ ಇಳಿಯುತ್ತದೆ. ಈ ಕಾಗದಕ್ಕೆ ತೇವ ಇಳಿದರೆ ಏನಾಗುತ್ತದೆ ಎಂಬುದು ಮುಂದಿನ ಹಂತದಲ್ಲಿದೆ.

ತಪ್ಪು 2: ಕಂದು ಗೆರೆ

ಅಂಚುಗಳ ಸೀಳಿಗೆ ಎಲ್ಲರೂ ಹೇಳುವುದು ಗೋಧಿ ಪಿಷ್ಟದ ಅಂಟು ಮತ್ತು ಜಪಾನಿ ಕೋಜೊ ಟಿಶ್ಯೂ (ಉದ್ದ ನಾರಿನ ತೆಳು ಕಾಗದ). ಅಂಟಿನ ಅಳತೆ: 1 ಭಾಗ ಪಿಷ್ಟ, 5 ಭಾಗ ಶುದ್ಧೀಕರಿಸಿದ ನೀರು, ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ 25 ನಿಮಿಷ ಬಿಡದೆ ಕಲಕಿ, ಆರಿದ ಮೇಲೆ ಸೋಸುಬಟ್ಟೆಯಲ್ಲಿ ಮೂರು ಸಲ ಹಿಂಡಿ ಸೋಸುವುದು. ಗೋಡೆಗೆ ಪೋಸ್ಟರ್ ಅಂಟಿಸುವ ಮೈದಾ ಗಂಜಿ ಇದಕ್ಕೆ ಆಗದು. ಮೈದಾದಲ್ಲಿ ಗ್ಲುಟನ್ ಉಳಿದಿರುತ್ತದೆ. ಆ ಗಂಜಿ ಹಳದಿಯಾಗುತ್ತದೆ, ಹುಳ ಕರೆಯುತ್ತದೆ.

ಪುಟ 431ರ ಹೊರಅಂಚಿನ 4 ಸೆಂ.ಮೀ. ಸೀಳಿಗೆ ಈ ಅಂಟನ್ನು ಹಾಲಿನ ಹದಕ್ಕೆ ತೆಳು ಮಾಡಿ ಹಚ್ಚಿದೆ. ಒಣಗಿದ ಮೇಲೆ ಸೀಳಿನ ಎರಡೂ ಬದಿಗೆ 6 ಮಿ.ಮೀ. ದೂರದಲ್ಲಿ ಕಡುಕಂದು ಗೆರೆ ಮೂಡಿತ್ತು. ಕಾರಣ ಸರಳ: ನೀರು ಹರಡುವಾಗ ಕಾಗದದೊಳಗೆ ಕೊಳೆತು ಕುಳಿತ ಕಂದು ಪದಾರ್ಥವನ್ನು ಕರಗಿಸಿ ಒಯ್ದು, ತಾನು ನಿಂತ ಕಡೆ ಬಿಟ್ಟು ಒಣಗುತ್ತದೆ. ಮಾಡಿನ ಸೋರಿಕೆ ಒಣಗಿದಾಗ ಗೋಡೆಯ ಮೇಲೆ ಉಳಿಯುವ ಗೆರೆಯ ಹಾಗೆ. ಬ್ಲಾಟಿಂಗ್ ಪೇಪರ್ ಮೇಲಿಟ್ಟು ಮತ್ತೆ ಸ್ವಲ್ಪ ತೇವ ಮಾಡಿ ಗೆರೆ ಎಳೆಯಲು ನೋಡಿದ್ದು ಎರಡನೇ ತಪ್ಪು. ಗೆರೆ ಅಲ್ಲಿಂದ ಸರಿದು ಅಕ್ಷರಗಳ ಮಧ್ಯೆ ಕುಳಿತಿತು, ಸ್ವಲ್ಪ ಅಗಲವಾಗಿ.

ಹೊಸ ನ್ಯೂಸ್‌ಪ್ರಿಂಟಿನ ಮೇಲೆ ಅಭ್ಯಾಸ ಮಾಡಿದಾಗ ಗೆರೆ ಬಂದಿರಲಿಲ್ಲ, ಹಾಗಾಗಿ ಧೈರ್ಯ ಬಂದಿತ್ತು. ಅಭ್ಯಾಸಕ್ಕೆ ಹಳೆಯ, ಕಂದಾದ ಕಾಗದವೇ ಬೇಕು. ಊರಿನ ಅಟ್ಟದಲ್ಲಿ ಸಿಗುವ ಹಳೆಯ ನ್ಯೂಸ್‌ಪ್ರಿಂಟ್ ಮಾಸಪತ್ರಿಕೆಯ ಬಿಡಿಹಾಳೆ ಇದಕ್ಕೆ ಹೇಳಿಮಾಡಿಸಿದ್ದು. ಅದೂ ಹೀಗೇ ವರ್ತಿಸುತ್ತದೆ.

ದಿನ 8: ನೀರಿಲ್ಲದ ಅಂಟು

ಬದಲಿ ಮಾರ್ಗ ಕ್ಲೂಸೆಲ್ ಜಿ, ಅಂದರೆ ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್. 4 ಗ್ರಾಂ ಪುಡಿ, 100 ಮಿ.ಲೀ. ಎಥನಾಲ್, ಮುಚ್ಚಿದ ಜಾಡಿಯಲ್ಲಿ ಒಂದು ರಾತ್ರಿ. ಮೈಲಾರ್ ಹಾಳೆಯ ಮೇಲೆ ಟಿಶ್ಯೂ ಹರಡಿ, ಈ ದ್ರಾವಣ ಎರಡು ಕೈ ಬಳಿದು ಒಣಗಿಸಿ ಇಟ್ಟುಕೊಳ್ಳುವುದು. ಬೇಕಾದಾಗ ಪಟ್ಟಿ ಹರಿದುಕೊಂಡು, ಸೀಳಿನ ಮೇಲಿಟ್ಟು, ಬ್ರಷ್ ತುದಿಯಿಂದ ಎಥನಾಲ್ ತಾಕಿಸಿದರೆ ಅಂಟು ಎಚ್ಚರಗೊಳ್ಳುತ್ತದೆ. ಮೇಲೆ ಅಂಟದ ಪಾಲಿಯೆಸ್ಟರ್ ಬಟ್ಟೆ, ಬ್ಲಾಟಿಂಗ್ ಪೇಪರ್, 1 ಕೆಜಿ ತೂಕ, 15 ನಿಮಿಷ. ಗೆರೆ ಬರಲಿಲ್ಲ. ಹಿಡಿತ ಪಿಷ್ಟದ ಅಂಟಿಗಿಂತ ಕಡಿಮೆ, ಅದು ನಿಜ. ಕಿಟಕಿ ತೆರೆದಿಡಿ, ಹತ್ತಿರ ಒಲೆ ಬೇಡ.

ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸದೆ, ನೀರಿನ ಗೀಟು ಎಳೆದು ಹರಿಯಬೇಕು; ಆಗ ಅಂಚಿನಲ್ಲಿ ನಾರುಗಳು ಚಾಚಿಕೊಂಡು ಹಿಡಿತ ಕೊಡುತ್ತವೆ. ಆದರೆ ಕ್ಲೂಸೆಲ್ ಬಳಿದ ಮೇಲೆ ನೀರಿನ ಗೀಟು ಎಳೆದರೆ ಅಂಟು ಕರಗುತ್ತದೆ. ಹಾಗಾಗಿ ಮೊದಲು ಹರಿದು ಆಮೇಲೆ ಬಳಿಯುವುದು, ಅಥವಾ ಸೂಜಿಯಿಂದ ಗೀರಿ ಹರಿಯುವುದು.

ತಪ್ಪು 3: ಗಟ್ಟಿ ತೇಪೆ

ಮೊದಲ ಐದು ಹಾಳೆಗಳಿಗೆ 12 ಜಿಎಸ್ಎಂ (ಚದರ ಮೀಟರಿಗೆ 12 ಗ್ರಾಂ ತೂಕದ) ಟಿಶ್ಯೂ ಹಾಕಿದ್ದೆ, ಗಟ್ಟಿಯಾಗಿರಲಿ ಎಂದು. ಮಾರನೆಯ ದಿನ ಹಾಳೆ ತಿರುವಿದಾಗ ಎರಡರಲ್ಲಿ ತೇಪೆಯ ಅಂಚಿನುದ್ದಕ್ಕೂ ಹೊಸ ಬಿರುಕು. ತೇಪೆ ಬಾಗಲಿಲ್ಲ, ಪಕ್ಕದ ಕಾಗದವೇ ಮುರಿಯಿತು. ಹಳೆ ಪಂಚೆಗೆ ಕ್ಯಾನ್ವಾಸ್ ತೇಪೆ ಹಾಕಿದ ಕಥೆ. ಐದನ್ನೂ ಎಥನಾಲ್ ತಾಕಿಸಿ ಬಿಡಿಸಿ, 5 ಜಿಎಸ್ಎಂ ತೆಂಗುಜೊ (ಇನ್ನೂ ತೆಳುವಾದ ಜಪಾನಿ) ಟಿಶ್ಯೂ, 5 ಮಿ.ಮೀ. ಅಗಲದ ಪಟ್ಟಿಯಲ್ಲಿ ಮತ್ತೆ ಮಾಡಿದ್ದು. ಹಾಳೆ ಎಳೆದರೆ ತೇಪೆ ಮೊದಲು ಹರಿಯಬೇಕು, ಹಾಳೆಯಲ್ಲ, ಅಳತೆ ಅಷ್ಟೇ. 12 ಜಿಎಸ್ಎಂ ಬೆನ್ನಿಗೆ ಮಾತ್ರ.

ಪುಟ 422ರ ಸೀಳು ಅಕ್ಷರಗಳ ಮೇಲೆ ಹಾದುಹೋಗಿತ್ತು. ಸೀಳಿನ ಎರಡು ತುಟಿಗಳಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಎಂದು ಭೂತಗನ್ನಡಿಯಲ್ಲಿ ನೋಡಿ ಕೂಡಿಸದಿದ್ದರೆ ಸಾಲುಗಳು ಅರ್ಧ ಮಿ.ಮೀ. ಏರುಪೇರಾಗುತ್ತವೆ. ತೇಪೆ ಬಿದ್ದದ್ದು ಪುಟ 421ರ ಬದಿಗೆ, ಕಥೆ ಶುರುವಾಗುವ ಪುಟ ಸ್ವಚ್ಛವಾಗಿ ಉಳಿಯಲಿ ಎಂದು. ತೆಂಗುಜೊ ಮೂಲಕ ಕೆಳಗಿನ ಅಕ್ಷರ ಓದಲು ಬರುತ್ತದೆ.

ಎಥನಾಲ್ ಬಗ್ಗೆ ಒಂದು ಎಚ್ಚರ, ಇದೇ ಕಾಲದ ಬೇರೆ ಕಾಗದಗಳನ್ನು ರಿಪೇರಿ ಮಾಡುವವರಿಗೆ. ಈ ಪತ್ರಿಕೆಗಳ ಓದುಗರು 1930ರ ದಶಕದಲ್ಲಿ ತಾವೇ ಅಚ್ಚುಹಾಕಿದ ಫ್ಯಾನ್‌ಜೀನ್‌ಗಳು ಎರಡು ಬಗೆ. ಮುಂದೆ ಸೂಪರ್‌ಮ್ಯಾನ್ ಸೃಷ್ಟಿಸಿದ ಕ್ಲೀವ್‌ಲ್ಯಾಂಡಿನ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಶಾಲೆಯಲ್ಲಿದ್ದಾಗ ತಂದ 'ಸೈನ್ಸ್ ಫಿಕ್ಷನ್' ಮಿಮಿಯೊಗ್ರಾಫ್ (ಕೊರೆದ ಹಾಳೆಯ ಮೂಲಕ ಶಾಯಿ ಇಳಿಸುವ) ಅಚ್ಚು; 1933ರ ಜನವರಿಯ ಮೂರನೇ ಸಂಚಿಕೆಯಲ್ಲೇ ಸೀಗಲ್ ಗುಪ್ತನಾಮದಲ್ಲಿ ಬರೆದ, 'ಸೂಪರ್‌ಮ್ಯಾನ್' ಖಳನಾಗಿರುವ ಕಥೆ ಬಂದದ್ದು. ಮಿಮಿಯೊಗ್ರಾಫಿನದು ಎಣ್ಣೆಶಾಯಿ, ಎಥನಾಲ್ ತಾಕಿದರೂ ಸಾಮಾನ್ಯವಾಗಿ ನಿಲ್ಲುತ್ತದೆ. ಇನ್ನೊಂದು ಬಗೆ ಹೆಕ್ಟೊಗ್ರಾಫ್, ನೇರಳೆ ಅಕ್ಷರದ್ದು. ಅದರ ಬಣ್ಣ ಎಥನಾಲ್ ತಾಕಿದ ಕ್ಷಣ ಹರಡಿ ಪುಟವೆಲ್ಲ ನೇರಳೆಯಾಗುತ್ತದೆ, ನೀರಿಗೂ ನಿಲ್ಲುವುದಿಲ್ಲ, ಬೆಳಕಿಗೂ ಮಾಸುತ್ತದೆ. ನೇರಳೆ ಕಂಡರೆ ಬ್ರಷ್ ಕೆಳಗಿಡಿ, ಮೈಲಾರ್ ಕವಚಕ್ಕೆ ಹಾಕಿ ಸುಮ್ಮನಿರಿ.

ದಿನ 11–13: ಟೇಪ್

ಅತಿ ಹೆಚ್ಚು ಸಮಯ ತಿಂದದ್ದು ಇದು, 6 ಗಂಟೆ. ಸೆಲೋಫೇನ್ ಟೇಪ್ ಮಾರುಕಟ್ಟೆಗೆ ಬಂದದ್ದು 1930ರಲ್ಲಿ, ಆದ್ದರಿಂದ ಇದು ಮೊದಲ ಓದುಗನ ಅವಸರವಲ್ಲ, ನಂತರದ ಯಾರದೋ ಪ್ರೀತಿ. ಹಳೆಯ ರಬ್ಬರ್ ಅಂಟು ಮೊದಲು ಎಣ್ಣೆಯಾಗಿ ಕಾಗದಕ್ಕೆ ಇಳಿದು, ಆಮೇಲೆ ಗಟ್ಟಿಯಾಗಿ ಕಂದಾಗುತ್ತದೆ. ಈ ಪ್ರತಿಯಲ್ಲಿ ಎರಡನೇ ಹಂತ ಮುಟ್ಟಿತ್ತು.

ಹೇರ್ ಡ್ರೈಯರ್ ಪ್ರಯೋಗ: 1 ಸೆಂ.ಮೀ. ಎತ್ತುವಷ್ಟರಲ್ಲಿ ಟೇಪಿನ ಜೊತೆ ಶಾಯಿಯ ಸಿಪ್ಪೆ ಬಂತು. ಬಿಸಿ ಹರಡುತ್ತದೆ, ಎಲ್ಲಿಗೆ ಎಷ್ಟು ಎಂಬ ಹಿಡಿತವಿಲ್ಲ.

ಬಿಸಿ ಸ್ಪ್ಯಾಚುಲಾ, 65 ಡಿಗ್ರಿ ಸೆಲ್ಸಿಯಸ್: ಟೇಪಿನ ತುದಿಯನ್ನು ಚಿಮಟದಲ್ಲಿ ಹಿಡಿದು, ಅದರ ಮೇಲೆ ಸ್ಪ್ಯಾಚುಲಾ 3–4 ಸೆಕೆಂಡ್ ಇಟ್ಟು, ತುದಿಯನ್ನು ಹಿಂದಕ್ಕೆ ಮಡಚಿ, ಕಾಗದಕ್ಕೆ ಸಮಾನಾಂತರವಾಗಿ ಎಳೆಯುವುದು. ಮೇಲಕ್ಕೆ ಎಳೆದರೆ ಕಾಗದದ ಪದರ ಏಳುತ್ತದೆ. ಒಂದು ಸಲಕ್ಕೆ 2–3 ಮಿ.ಮೀ. ಪ್ಲಾಸ್ಟಿಕ್ ಪದರ ಪೂರ್ತಿ ಬಂತು. ಉಳಿದ ಜಿಗುಟನ್ನು ಕ್ರೇಪ್ ರಬ್ಬರಿನಿಂದ ಉರುಳಿಸಿ ಅರ್ಧದಷ್ಟು ತೆಗೆದದ್ದು.

ಕಲೆಗೆ ಅಸಿಟೋನ್ ಪರೀಕ್ಷೆ: ಹಿಂದಿನ ರಕ್ಷಾಪುಟದ ಕೆಂಪು ಗೆರೆಯ ಮೇಲೆ ಸೂಜಿಮೊನೆಯಷ್ಟು ತಾಕಿಸಿ ಬ್ಲಾಟಿಂಗ್ ಪೇಪರ್ ಒತ್ತಿದಾಗ ಗುಲಾಬಿ ಚುಕ್ಕೆ ಬಂತು. ಕೆಂಪು ಹರಿಯುತ್ತದೆ ಅಂದಮೇಲೆ ಮುಂದಿನ ಕಡೆ ಕೈ ಹಾಕುವ ಪ್ರಶ್ನೆಯೇ ಇಲ್ಲ. ತೇಲುವವನ ಉಡುಪೇ ಕೆಂಪು. 11 ಸೆಂ.ಮೀ. ಕಂದು ಕಲೆ ಮೇಲಂಚಿನಲ್ಲಿ ಹಾಗೇ ಇದೆ, ಇರಲಿ.

ದಿನ 15: ಹೊಲಿಗೆ, ಬೆನ್ನು, ರಕ್ಷಾಪುಟ

ಹೊಸ ಪಿನ್ ಬದಲು ಲಿನನ್ ದಾರ, ಹಳೆಯ ನಾಲ್ಕು ತೂತುಗಳಲ್ಲೇ. ಹೊಸ ತೂತು ಒಂದೂ ಬೇಡ. ಮೊದಲ ಹೊಲಿಗೆಯಲ್ಲಿ ಗಂಟು ಹಿಂದಿನ ಮೇಲ್ಮೈಗೆ ಬಂದು, ರಕ್ಷಾಪುಟ ಹೊದಿಸಿ ನೋಡಿದಾಗ 2 ಮಿ.ಮೀ. ಉಬ್ಬು ಕಂಡಿತು, ಬಿಚ್ಚಿ, ಗಂಟು ಕೊನೆಯ ಎರಡು ಕಂತೆಗಳ ನಡುವೆ ಬರುವಂತೆ ಮತ್ತೆ ಹೊಲಿದದ್ದು. ಬಿಗಿ ಜಾಸ್ತಿಯಾದರೆ ದಾರ ಕಾಗದವನ್ನು ಗರಗಸದಂತೆ ಕೊಯ್ಯುತ್ತದೆ.

ಬೆನ್ನಿಗೆ 12 ಜಿಎಸ್ಎಂ ಕೋಜೊ, ಗಟ್ಟಿ ಪಿಷ್ಟದ ಅಂಟಿನಲ್ಲಿ. ಬೆಣ್ಣೆಯ ಹದದ ಅಂಟಾದರೆ ಇಲ್ಲಿ ತೇವ ಹರಿಯುವುದಿಲ್ಲ. ರಕ್ಷಾಪುಟದ ಕಳೆದ ಮೂಲೆ ಮತ್ತು ಬೆನ್ನಿನ ಚೂರಿಗೆ 20 ಜಿಎಸ್ಎಂ ಕೋಜೊ ಎರಡು ಪದರ, ಅಕ್ರಿಲಿಕ್ ಬಣ್ಣದಲ್ಲಿ ಮೊದಲೇ ಅದ್ದಿ ಒಣಗಿಸಿದ್ದು. ಒದ್ದೆಯಿದ್ದಾಗ ಸರಿಹೊಂದಿದ ಬಣ್ಣ ಒಣಗಿದಾಗ ಬೇರೆಯೇ ಕಾಣುತ್ತದೆ; ಮೂರನೇ ಸಲಕ್ಕೆ ಹದ ಸಿಕ್ಕಿತು. ಚಿತ್ರದ ಗೆರೆಗಳನ್ನು ಮುಂದುವರಿಸಿ ಬರೆಯಲಿಲ್ಲ, ಬರೆಯಲೂ ಬಾರದು. ತೇಪೆ ತೇಪೆಯಾಗಿಯೇ ಕಾಣಲಿ. ಪಾಲ್ ಕೈ ಎಲ್ಲಿ ಮುಗಿಯಿತು ಎಂದು ಕೊಳ್ಳುವವನಿಗೆ ಗೊತ್ತಾಗಬೇಕು. ಮಾರುವ ಯೋಚನೆ ಇದ್ದವರು ಗಮನಿಸಿ: ಬಣ್ಣ ತುಂಬಿದ ಪ್ರತಿಯ ದರ್ಜೆ ಇಳಿಯುತ್ತದೆ, ಮಾಡಿದ್ದನ್ನು ಬರೆದು ಕೊಡದಿದ್ದರೆ ಅದು ಮೋಸ.

ದಿನ 18: ಆಮ್ಲಕ್ಕೆ ಸ್ಪ್ರೇ

ನೀರಿಲ್ಲದ ದ್ರವದಲ್ಲಿ ತೇಲುವ ಮೆಗ್ನೀಸಿಯಂ ಆಕ್ಸೈಡ್ ಸ್ಪ್ರೇ. ಹೊಲಿಯುವ ಮೊದಲೇ ಮಾಡಬೇಕಿದ್ದ ಕೆಲಸ. ಬಿಡಿಹಾಳೆಗಳಾಗಿದ್ದರೆ ಅರ್ಧ ಸಮಯ ಸಾಕಿತ್ತು. 10 ಸೆಂ.ಮೀ. ದೂರದಿಂದ ಹೊಡೆದ ಮೊದಲ ನಾಲ್ಕು ಪುಟಗಳಲ್ಲಿ, ಒಳಚಿತ್ರದ ಕಪ್ಪು ಭಾಗದ ಮೇಲೆ ವಿಭೂತಿ ಬಳಿದಂತೆ ಬಿಳಿ ಪುಡಿ ಕೂತಿತು. ಒಣಗಿದ ಮೇಲೆ ಮೃದು ಬ್ರಷ್‌ಗೆ ಹೆಚ್ಚಿನದು ಬಂತು. 20 ಸೆಂ.ಮೀ. ದೂರ, ಒಂದೇ ಓಟ, ಹಾಗೆ ಮಾಡಿದರೆ ಪುಡಿ ನಿಲ್ಲುವುದಿಲ್ಲ. ರಕ್ಷಾಪುಟಕ್ಕೆ ಹೊಡೆಯಲಿಲ್ಲ. ಇದರಿಂದ ಕಾಗದ ಬಿಳಿಯಾಗದು, ಮೆತ್ತಗೂ ಆಗದು. ಇನ್ನಷ್ಟು ಹಾಳಾಗುವುದು ನಿಧಾನವಾಗುತ್ತದೆ.

ಖರ್ಚು, ಡಾಲರಿನಲ್ಲಿ

ಟಿಶ್ಯೂ ಮೂರು ಬಗೆ 24, ಪಿಷ್ಟ 9, ಕ್ಲೂಸೆಲ್ 18, ಮೀಥೈಲ್ ಸೆಲ್ಯುಲೋಸ್ 12, ಎಥನಾಲ್ 14, ಬಿಸಿ ಸ್ಪ್ಯಾಚುಲಾ 60, ರಬ್ಬರ್ ಸ್ಪಂಜು 5, ಬ್ಲಾಟಿಂಗ್ ಪೇಪರ್ 20, ಪಾಲಿಯೆಸ್ಟರ್ ಬಟ್ಟೆ 12, ಸ್ಪ್ರೇ 45, ದಾರ 7, ಮೈಲಾರ್ ಕವಚ ಮತ್ತು ಹಿಂಬದಿ ರಟ್ಟು 9, ಆಮ್ಲರಹಿತ ಪೆಟ್ಟಿಗೆ 16. ಒಟ್ಟು 251. ಕೆಲಸದ ಗಂಟೆ 34. ಸ್ಪ್ಯಾಚುಲಾ ಬಿಟ್ಟರೆ ಉಳಿದ ಸಾಮಾನು ಇನ್ನೂ ಹತ್ತು ಪತ್ರಿಕೆಗೆ ಆದೀತು. ಸ್ಪ್ರೇ ಮಾತ್ರ ಇದಕ್ಕೇ ಮುಗಿಯಿತು.

ಇದೇ ಸಾಮಾನಿನಲ್ಲಿ 1938ರ ಕಾಲದ ಕಾಮಿಕ್ ಪುಸ್ತಕಕ್ಕೆ ಕೈ ಹಾಕುವವರಿಗೆ ವ್ಯತ್ಯಾಸ ಎರಡು. 'ಆ್ಯಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆ, ಜೂನ್ 1938, 10 ಸೆಂಟ್, ಸೂಪರ್‌ಮ್ಯಾನ್ ಬಂದದ್ದು. ಅದೂ ಅದರ ಜೊತೆಯವೂ ಪಕ್ಕದ ಪಿನ್ನಿನವಲ್ಲ, ಮಡಿಕೆಯ ಮೇಲೆ ಹೊಡೆದ ಪಿನ್ನಿನವು. ಹಾಗಾಗಿ ಮೊದಲು ಹೋಗುವುದು ನಡುಹಾಳೆ ಮತ್ತು ಮಡಿಕೆ. ತೇಪೆ ಮಡಿಕೆಯ ಒಳಬದಿಗೆ ಬೀಳಬೇಕು. ಎರಡನೆಯದು, ಒಳಪುಟದಲ್ಲೂ ನಾಲ್ಕು ಬಣ್ಣ. ಪ್ರತಿ ಬಣ್ಣಕ್ಕೂ ಬೇರೆಬೇರೆ ಎಥನಾಲ್ ಪರೀಕ್ಷೆ ಮಾಡದೆ ಬ್ರಷ್ ತಾಕಿಸಬಾರದು.

ಮೂರು ವಾರದ ನಂತರ

ಶೇ. 45 ತೇವಾಂಶ, 18 ಡಿಗ್ರಿಯಲ್ಲಿ, ಪೆಟ್ಟಿಗೆಯೊಳಗೆ ಮಲಗಿಸಿ ಇಟ್ಟದ್ದನ್ನು ತೆರೆದು ನೋಡಿದ್ದು. ಬೆನ್ನು ಹಿಡಿದಿದೆ, ಪುಟ 422 ಸರಿಯಿದೆ. ಕೊನೆಯ ಹಾಳೆಯ ಎರಡು ತೇಪೆಗಳು ತುದಿಯಲ್ಲಿ ಎದ್ದಿವೆ, ಅಲ್ಲಿ ಕ್ಲೂಸೆಲ್ ಒಂದೇ ಕೈ ಬಿದ್ದಿತ್ತು. ಎಥನಾಲ್ ತಾಕಿಸಿ ಮತ್ತೆ ಒತ್ತಬೇಕು. ಪುಟ 431ರ ಗೆರೆ ಇನ್ನಷ್ಟು ಕಪ್ಪಾಗಿಲ್ಲ, ಕಡಿಮೆಯೂ ಆಗಿಲ್ಲ.